ನಿಮ್ಮ ಐನೂರು ರೂಪಾಯಿ ಎಲ್ಲಿಗೆ ಹೋಗುತ್ತದೆ?

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಸಿಡ್ನಿಯ ಒಪೆರಾ ಹೌಸ್ ಬಗ್ಗೆ ನೀವು ಹಾಕಿದ್ದ ಲೇಖನ ಓದಿದೆ. ಟಿಕೆಟ್‌ಗೆ ಅಷ್ಟು ದುಡ್ಡು ತೆಗೆದುಕೊಳ್ಳುವವರಿಗೆ ದೇಣಿಗೆ ಬೇರೆ ಯಾಕೆ? ಮೊನ್ನೆ ಮೈಸೂರಿನ ಒಂದು ರಂಗತಂಡದವರೂ ರಂಗಮಂದಿರದ ರಿಪೇರಿಗೆ ಅಂತ ಚಂದಾ ಕೇಳಿದರು. ನನ್ನ ಐನೂರು ರೂಪಾಯಿಯಿಂದ ಏನಾಗುತ್ತದೆ?"

ಮೇಷ್ಟ್ರೇ, ದುಡ್ಡು ಕೊಡುವವರು ಈ ಪ್ರಶ್ನೆ ಕೇಳಲೇಬೇಕು. ಕೇಳಿದ್ದು ಒಳ್ಳೆಯದಾಯಿತು.

ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ, ತಬಲಾ ಇದ್ದ ಜಾಗದಲ್ಲಿ ಅಲ್ಲಿ ಹತ್ತಾರು ವಾದ್ಯಗಾರರು ಕೂತಿರುತ್ತಾರೆ. ಗಾಯಕರು, ಮೇಳ, ಸೀನರಿ, ಉಡುಪು ಎಲ್ಲದಕ್ಕೂ ಕೊಡಬೇಕು. ಹೌಸ್‌ಫುಲ್ ಆದರೂ ಟಿಕೆಟ್ ದುಡ್ಡು ಅಲ್ಲಲ್ಲೇ ಕರಗಿಹೋಗುತ್ತದೆ. ಸೋರುವ ಸೂರಿಗೆ, ಹಳೇ ವೈರಿಂಗ್‌ಗೆ, ಶೌಚಾಲಯಕ್ಕೆ ಏನೂ ಉಳಿಯುವುದಿಲ್ಲ. ಚಪ್ಪಾಳೆ ಬೀಳದ ಈ ಕೆಲಸಗಳಿಗೇ ದೇಣಿಗೆ ಬೇಕಾಗುವುದು.

ಸಿಡ್ನಿಯ ಕಟ್ಟಡಕ್ಕೆ 10.2 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾಯಿತು. ಅದರಲ್ಲಿ ದೊಡ್ಡ ಪಾಲು ಬಂದದ್ದು ಸರ್ಕಾರ ನಡೆಸಿದ ಲಾಟರಿಯಿಂದ. ಜನ ಚೀಟಿ ಕೊಂಡರು, 1973ರಲ್ಲಿ ಬಾಗಿಲು ತೆರೆಯಿತು. ಇಂಗ್ಲೆಂಡಿನ ಗ್ಲೈಂಡ್‌ಬರ್ನ್‌ದು ಇನ್ನೂ ನೇರವಾದ ಉದಾಹರಣೆ. ಹಳ್ಳಿಗಾಡಿನ ಆ ಒಪೆರಾ ಮನೆಯವರು 1994ರಲ್ಲಿ 3.4 ಕೋಟಿ ಪೌಂಡ್‌ನಲ್ಲಿ ಹೊಸ ರಂಗಮಂದಿರ ಕಟ್ಟಿದರು. ನೂರಕ್ಕೆ ಸುಮಾರು 90 ಪಾಲು ದೇಣಿಗೆಯ ದುಡ್ಡು. 2012ರಲ್ಲಿ ಪಕ್ಕದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ ಕರೆಂಟನ್ನೂ ತಾವೇ ಮಾಡಿಕೊಳ್ಳತೊಡಗಿದರು.

ನಮಗೇನು ಇದು ಹೊಸದಲ್ಲ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇದೆಯಲ್ಲ, ಒಬ್ಬ ಹಾಡುಗಾರ ಹಟ ಹಿಡಿದು ಎಬ್ಬಿಸಿದ ಜಾಗ ಅದು. ಅದರ ಮುಂದೆ ಹೋಗುವಾಗೆಲ್ಲ ನನ್ನ ಕಾಲು ಒಂದು ಗಳಿಗೆ ನಿಲ್ಲುತ್ತದೆ.

ಈಗ ನಿಮ್ಮ ಐನೂರಕ್ಕೆ ಬರೋಣ. ಹಳೇ ರಂಗಮಂದಿರಗಳಲ್ಲಿ ಒಂದೊಂದು ದೀಪವೂ 1000 ವ್ಯಾಟ್. 20 ದೀಪ ಮೂರು ಗಂಟೆ ಉರಿದರೆ 60 ಯೂನಿಟ್. ಅದೇ 200 ವ್ಯಾಟ್‌ನ ಎಲ್‌ಇಡಿ ಹಾಕಿದರೆ 12 ಯೂನಿಟ್. ರಿಹರ್ಸಲ್ ದಿನಗಳನ್ನೂ ಸೇರಿಸಿ ನೋಡಿ. ಬೆಳಕಿಗೆ ಬಣ್ಣ ಬರಲಿ ಅಂತ ಹಳೇ ದೀಪದ ಮುಂದೆ ಕಟ್ಟಿದ ಜಿಲೆಟಿನ್ ಹಾಳೆ ನಾಲ್ಕು ಆಟಕ್ಕೇ ಬಣ್ಣ ಕಳೆದುಕೊಂಡು ಮುರುಟಿಹೋಗುತ್ತದೆ. ಕೆಳಗೆ ನಿಂತ ನಟರ ಬಣ್ಣ ಬೆವರಿನಲ್ಲಿ ಇಳಿಯುತ್ತದೆ. ಎಲ್‌ಇಡಿಯಲ್ಲಿ ಆ ಕಾವೂ ಇಲ್ಲ, ಹಾಳೆಯ ಖರ್ಚೂ ಇಲ್ಲ. ದೀಪ ಒಂದು ಸಲ ಕೊಂಡರಾಯಿತು, ಉಳಿತಾಯ ವರ್ಷ ವರ್ಷ ಬರುತ್ತದೆ. ಆದರೆ ಆ ಮೊದಲ ದುಡ್ಡು ತಂಡದವರ ಕೈಯಲ್ಲಿ ಇರುವುದಿಲ್ಲ, ಅಲ್ವಾ? ಅದನ್ನೇ ಅವರು ನಿಮ್ಮ ಹತ್ತಿರ ಕೇಳುತ್ತಿರುವುದು.

ಸುಮ್ನೆ ಕೊಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಯಾವ ಕೆಲಸಕ್ಕೆ, ಎಷ್ಟು ಬೇಕು, ಎಷ್ಟು ಬಂದಿದೆ ಅಂತ ಕೇಳಿ. ರಸೀದಿ ತೆಗೆದುಕೊಳ್ಳಿ. ಆರು ತಿಂಗಳು ಬಿಟ್ಟು ಹೋಗಿ ನೋಡಿ. ಲೆಕ್ಕ ಕೇಳಿದರೆ ಮುಖ ಗಂಟಿಕ್ಕುವವರಿಗೆ ಕೊಡಬೇಡಿ.

ಒಂದು ವಿಷಯ ಹೇಳಲೇಬೇಕು. ಹೋದ ವರ್ಷ ಮೈಸೂರಿನ ಒಂದು ಸಣ್ಣ ರಂಗಮಂದಿರಕ್ಕೆ ಹೋಗಿದ್ದೆ. ಗಾಲಿಕುರ್ಚಿಯಲ್ಲಿ ಬಂದಿದ್ದ ಅಜ್ಜಿಯೊಬ್ಬರನ್ನು ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಿ ಮೂರು ಮೆಟ್ಟಿಲು ದಾಟಿಸಿದರು. ಅಜ್ಜಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಆಟ ಮುಗಿದ ಮೇಲೆ, "ನಾಟಕ ಚೆನ್ನಾಗಿತ್ತಪ್ಪ, ಇನ್ನು ಮಾತ್ರ ಬರೋಲ್ಲ" ಅಂದರು. ಸಿಡ್ನಿಯಲ್ಲೂ ಗಾಲಿಕುರ್ಚಿಯವರು ದೊಡ್ಡ ಸಭಾಂಗಣದ ಸಮುದ್ರದ ಕಡೆಯ ಹಜಾರಗಳಿಗೆ ತಾವೇ ಹೋಗುವಂತಾದದ್ದು 2022ರಲ್ಲಿ, ನವೀಕರಣ ಮುಗಿದ ಮೇಲೆ.

ಆ ಮೂರು ಮೆಟ್ಟಿಲು ಒಟ್ಟು ಒಂದೂವರೆ ಅಡಿ ಎತ್ತರ. ಅಡಿಗೆ 12 ಅಡಿಯಂತೆ 18 ಅಡಿ ಉದ್ದದ ಇಳಿಜಾರು ಬೇಕು. ಬಲಗಡೆ ಗೋಡೆಯ ಪಕ್ಕ ಜಾಗ ಇದೆ. ಟೇಪು ಹಿಡಿದು ಅಳೆದು ಬಂದಿದ್ದೇನೆ.