ಆ್ಯಕ್ಟಿವ್ ಬೇಸ್‌ಗೆ ಒರಟು ದನಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಬ್ಯಾಂಡ್‌ನಲ್ಲಿಯೂ ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿಯೂ ಐದು ತಂತಿಯ ಆ್ಯಕ್ಟಿವ್ ಬೇಸ್ ಗಿಟಾರ್ ನುಡಿಸುತ್ತೇನೆ. ನಮ್ಮ ಗಿಟಾರ್ ವಾದಕನ ಡಿಸ್ಟಾರ್ಷನ್ ಪೆಡಲ್ (ದನಿಯನ್ನು ಒಡೆದು ಒರಟಾಗಿಸುವ ಸಾಧನ) ಅವನ ಕೈಯಲ್ಲಿ ಸೊಗಸಾಗಿ ಕೇಳಿಸುತ್ತದೆ. ಅದನ್ನೇ ನನ್ನ ಬೇಸ್‌ಗೆ ಜೋಡಿಸಿದರೆ ಕೆಳಗಿನ ಸ್ವರಗಳು ಬುರ್ರೆಂದು ಒಡೆಯುತ್ತವೆ, ಮೇಲಿನವು ಚರಚರ ಎನ್ನುತ್ತವೆ, ಡ್ರಮ್ಸ್ ಸೇರಿದ ಕೂಡಲೇ ಬೇಸ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಬೇಸ್‌ಗೆಂದೇ ಮಾಡಿದ ದುಬಾರಿ ಪೆಡಲ್ ಕೊಳ್ಳಬೇಕೆ, ಅಥವಾ ಬೇಸನ್ನೇ ಬದಲಿಸಿ ಪ್ಯಾಸಿವ್ ತೆಗೆದುಕೊಳ್ಳಲೆ?
— ವಿದ್ಯಾರ್ಥಿ, ಹಾಸನ

ಉತ್ತರ: ಸದ್ಯಕ್ಕೆ ಎರಡಕ್ಕೂ ಹಣ ಹಾಕಬೇಡಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ತೊಂದರೆ ಇರುವುದು ಪೆಡಲ್‌ನಲ್ಲಾಗಲಿ ಬೇಸ್‌ನಲ್ಲಾಗಲಿ ಅಲ್ಲ. ಪೆಡಲ್‌ನೊಳಕ್ಕೆ ಎಷ್ಟು ಸಿಗ್ನಲ್ ಹೋಗುತ್ತಿದೆ ಮತ್ತು ಅದರಲ್ಲಿ ಮಂದ್ರದ ಪಾಲು ಎಷ್ಟಿದೆ ಎಂಬುದರಲ್ಲಿ.

ಪ್ಯಾಸಿವ್ ಬೇಸ್‌ನಲ್ಲಿ, ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಪಿಕಪ್‌ನಿಂದ ಹೊರಟದ್ದು ವಾಲ್ಯೂಮ್ ಮತ್ತು ಟೋನ್ ನಾಬ್‌ಗಳನ್ನು ದಾಟಿ ನೇರವಾಗಿ ಕೇಬಲ್‌ಗೆ ಬರುತ್ತದೆ. ಆ್ಯಕ್ಟಿವ್ ಬೇಸ್‌ನ ಒಳಗೆ 9 ವೋಲ್ಟ್ ಬ್ಯಾಟರಿಯಿಂದ, ಕೆಲವದರಲ್ಲಿ ಎರಡು ಬ್ಯಾಟರಿ ಸೇರಿ 18 ವೋಲ್ಟ್‌ನಿಂದ, ನಡೆಯುವ ಪ್ರೀಆಂಪ್ (ಸಿಗ್ನಲನ್ನು ಬಲಪಡಿಸುವ ಸರ್ಕ್ಯೂಟ್) ಇರುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಈ ಏರ್ಪಾಡನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಬೇಸ್‌ಗಳಿಗೂ ತಂದಿತು. ಪ್ಯಾಸಿವ್ ಬೇಸ್‌ನ ಟೋನ್ ನಾಬ್‌ಗೆ ತಗ್ಗಿಸುವುದಷ್ಟೇ ಗೊತ್ತು. ಆ್ಯಕ್ಟಿವ್ ಬೇಸ್‌ನಲ್ಲಿ ಬೇಸ್ (ಮಂದ್ರ), ಟ್ರೆಬಲ್ (ತಾರ) ಎಂಬ ಎರಡು ನಾಬ್‌ಗಳನ್ನೂ ಏರಿಸಲೂ ಬರುತ್ತದೆ. ಕೈಯಲ್ಲಿ ಈ ಸೌಕರ್ಯ ಇದೆ ಎಂದಾಗ ಬಹುಮಂದಿ ಎರಡನ್ನೂ ಏರಿಸಿಯೇ ಇಟ್ಟಿರುತ್ತಾರೆ. ಪೆಡಲ್ ಇಲ್ಲದಾಗ ಅದು ಕಿವಿಗೆ ತುಂಬಾ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ 9 ವೋಲ್ಟ್‌ನ ಸಾಮಾನ್ಯ ಪೆಡಲ್‌ನೊಳಗೆ ಸಿಗ್ನಲ್ ಅರ್ಧದಲ್ಲಿ, ಅಂದರೆ ಸುಮಾರು 4.5 ವೋಲ್ಟ್‌ನಲ್ಲಿ ನಿಂತು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಓಲಾಡುತ್ತದೆ. ಅದಕ್ಕೆ ಸಿಗುವ ಜಾಗ ಅಷ್ಟೇ. ಹಳೆಯ ತೊಟ್ಟಿಮನೆಯ ಗಿಡ್ಡ ಬಾಗಿಲಲ್ಲಿ ಎತ್ತರದವರು ಬಗ್ಗದೆ ನುಗ್ಗಿದರೆ ಹಣೆ ತಾಗುವ ಹಾಗೆ, ಬೇಸ್ ನಾಬ್ ಪೂರ್ತಿ ಏರಿಸಿ ಬಲವಾಗಿ ಮೀಟಿದ ಸ್ವರವು ಎಷ್ಟು ಒಡೆಯಬೇಕೆಂದು ನಿರ್ಧರಿಸುವ ಗೇನ್ ನಾಬ್‌ನ ಕೆಲಸ ಶುರುವಾಗುವ ಮೊದಲೇ ಪೆಡಲ್‌ನ ಒಳಬಾಗಿಲಲ್ಲಿ ತಾಗುತ್ತದೆ. ಆಗ ಕೇಳಿಸುವುದು ಪೆಡಲ್ ತಯಾರಿಸಿದವರು ಉದ್ದೇಶಿಸಿದ ಒಡಕಲ್ಲ.

ಮಂದ್ರದ ಲೆಕ್ಕ ಬೇರೆಯೇ ಇದೆ. ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ಬೇಸ್‌ನ ಇ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ, ನಿಮ್ಮ ಐದನೆಯ ಬಿ ತಂತಿ ಸುಮಾರು 31 ಹರ್ಟ್ಸ್‌ನಲ್ಲಿ. ಬೇಸ್‌ನ ಸಿಗ್ನಲ್‌ನಲ್ಲಿ ದೊಡ್ಡ ಅಲೆ ಈ ಕೆಳಗಿನದೇ. ಅದರ ಬೆನ್ನಿನ ಮೇಲೆ ಮೇಲಿನ ಸಣ್ಣ ಸಣ್ಣ ಅಲೆಗಳು ಕೂತಿರುತ್ತವೆ. ದೊಡ್ಡ ಅಲೆಯ ನೆತ್ತಿಯನ್ನು ಪೆಡಲ್ ಕತ್ತರಿಸಿದಾಗ ಅದರ ಮೇಲಿದ್ದ ಸಣ್ಣ ಅಲೆಗಳೂ ಕತ್ತರಿಸಿಹೋಗುತ್ತವೆ, ಮತ್ತೆ ಕಾಣಿಸಿಕೊಳ್ಳುತ್ತವೆ, ಮತ್ತೆ ಹೋಗುತ್ತವೆ. ನಿಮಗೆ ಬುರ್ರೆಂದು ಕೇಳಿಸುತ್ತಿರುವುದು ಇದೇ. ಗಿಟಾರ್‌ಗಾಗಿ ಮಾಡಿದ ಪೆಡಲ್‌ಗಳ ತಯಾರಕರಿಗೂ ಇದು ಗೊತ್ತು: ಐಬನೆಜ್ ಟ್ಯೂಬ್ ಸ್ಕ್ರೀಮರ್‌ನಲ್ಲಿ ಸುಮಾರು 720 ಹರ್ಟ್ಸ್‌ನಿಂದ ಕೆಳಕ್ಕೆ ಇಳಿದಂತೆಲ್ಲ ಗೇನ್ ಕಡಿಮೆಯಾಗುತ್ತ ಹೋಗುವಂತೆ ಮಾಡಿರುವುದು ಇದೇ ಕಾರಣಕ್ಕೆ. ಹಾಗಾಗಿ ಆ ಬಗೆಯ ಪೆಡಲ್ ಬೇಸ್‌ನಲ್ಲಿ ಸ್ಪಷ್ಟವಾಗಿ ಒಡೆಯುತ್ತದೆ, ಆದರೆ ತೂಕ ಕಳೆದುಕೊಂಡಂತೆ ಕೇಳಿಸುತ್ತದೆ.

ಇಷ್ಟು ತಿಳಿದರೆ ಮಾಡಬೇಕಾದದ್ದು ತಾನಾಗಿ ಹೊಳೆಯುತ್ತದೆ. ಮೊದಲು ಪೆಡಲನ್ನು ಬಿಚ್ಚಿಟ್ಟು, ಬೇಸನ್ನು ನೇರವಾಗಿ ಆಂಪ್‌ಗೆ ಹಾಕಿ, ಇ ತಂತಿಯನ್ನು ಬಲವಾಗಿ ಮೀಟಿ ಕೇಳಿ. ಆಗಲೇ ಸ್ವರ ಒಡೆಯುತ್ತಿದ್ದರೆ ಬ್ಯಾಟರಿಯನ್ನು ಶಂಕಿಸಿ. ಹೊಸ ಆಲ್ಕಲೈನ್ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ 9ಕ್ಕಿಂತ ಸ್ವಲ್ಪ ಮೇಲೆಯೇ ತೋರಿಸುತ್ತದೆ. 8ರ ಕೆಳಗೆ ಇಳಿದಿದ್ದರೆ ಬದಲಿಸಿಬಿಡಿ. ಹೆಚ್ಚಿನ ಆ್ಯಕ್ಟಿವ್ ಬೇಸ್‌ಗಳಲ್ಲಿ ಕೇಬಲ್ ಚುಚ್ಚಿದಾಗಲೇ ಪ್ರೀಆಂಪ್‌ಗೆ ವಿದ್ಯುತ್ ಹರಿಯಲು ಶುರುವಾಗುತ್ತದೆ. ಅಭ್ಯಾಸ ಮುಗಿಸಿ ಕೇಬಲ್ ಕೀಳದೆ ಗೋಡೆಗೆ ಒರಗಿಸಿ ಮಲಗಿದರೆ ಬ್ಯಾಟರಿ ರಾತ್ರಿಯಿಡೀ ಸುಮ್ಮನೆ ಖರ್ಚಾಗುತ್ತಿರುತ್ತದೆ.

ಬ್ಯಾಟರಿ ಸರಿಯಿದ್ದರೆ ಬೇಸ್‌ನ ಮೇಲಿನ ಎಲ್ಲ ಟೋನ್ ನಾಬ್‌ಗಳನ್ನು ನಡುವಿಗೆ ತನ್ನಿ. ಹೆಚ್ಚಿನವು ಅಲ್ಲಿ ಕ್ಲಿಕ್ ಎಂದು ನಿಲ್ಲುತ್ತವೆ. ಪೆಡಲ್ ಜೋಡಿಸಿ, ಗೇನ್ ತೀರ ಕಡಿಮೆ ಇಟ್ಟು, ಇ ತಂತಿಯನ್ನು ನುಡಿಸುತ್ತಲೇ ಬೇಸ್ ನಾಬನ್ನು ನಡುವಿನಿಂದ ನಿಧಾನವಾಗಿ ಎಡಕ್ಕೆ ತಿರುಗಿಸಿ. ಬುರ್ರೆನ್ನುವುದು ನಿಂತು ಸ್ವರದ ಅಂಚು ಬಿಡಿಬಿಡಿಯಾಗಿ ಕೇಳಿಸುವ ಜಾಗವೊಂದು ಸಿಗುತ್ತದೆ. ಅಲ್ಲಿ ಬಿಟ್ಟು, ಟ್ರೆಬಲನ್ನೂ ಅದೇ ರೀತಿ ಚರಚರ ಅಡಗುವಷ್ಟು ತಗ್ಗಿಸಿ, ಬಳಿಕವೇ ಗೇನ್ ಏರಿಸಿ. ಕಳೆದುಕೊಂಡ ಮಂದ್ರವನ್ನು ಪೆಡಲ್ ದಾಟಿದ ಮೇಲೆ, ಆಂಪ್‌ನ ಬೇಸ್ ನಾಬ್‌ನಿಂದಲೋ ಪೆಡಲ್‌ನ ನಂತರ ಇಟ್ಟ ಈಕ್ವಲೈಸರ್‌ನಿಂದಲೋ ಮರಳಿ ತುಂಬಿಕೊಳ್ಳಬಹುದು. ಒಡೆಯುವ ಮುಂಚೆ ಕಳೆಯುವುದಕ್ಕೂ ಒಡೆದ ಮೇಲೆ ಕೂಡಿಸುವುದಕ್ಕೂ ಇರುವ ವ್ಯತ್ಯಾಸ ಕಿವಿಗೆ ಬಿದ್ದ ದಿನದಿಂದ ಪೆಡಲ್ ಅಂಗಡಿಗೆ ಹೋಗುವ ಆತುರ ಬಹಳ ಮಟ್ಟಿಗೆ ಇಳಿಯುತ್ತದೆ.

ಇದರಿಂದ ಅರ್ಧ ದಾರಿ ಸಾಗಿದಂತಾಯಿತು. ಬ್ಯಾಂಡ್ ಪೂರ್ತಿ ನುಡಿಸುವಾಗ ಬೇಸ್ ಕಾಣೆಯಾಗುವುದಕ್ಕೆ ಇನ್ನೊಂದು ಮದ್ದು ಬೇಕು, ಅದೇ ಬ್ಲೆಂಡ್. ಸಿಗ್ನಲನ್ನು ಎರಡಾಗಿ ಕವಲೊಡೆಸಿ, ಒಂದನ್ನು ಮಾತ್ರ ಪೆಡಲ್‌ನಲ್ಲಿ ಒಡೆದು, ಇನ್ನೊಂದನ್ನು ಮೂಲದಂತೆಯೇ ಬಿಟ್ಟು, ಕೊನೆಯಲ್ಲಿ ಕೂಡಿಸುವುದು ಇದರ ವಿಧಾನ. ಬೇಸ್‌ಗೆಂದೇ ಬಂದ ಬಾಸ್ ಕಂಪನಿಯ ಓಡಿಬಿ-3, ಟೆಕ್ 21ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್, ಡಾರ್ಕ್‌ಗ್ಲಾಸ್‌ನ ಬಿ3ಕೆ ಮುಂತಾದವುಗಳಲ್ಲಿ ಈ ಏರ್ಪಾಡು ಒಳಗೇ ಇದೆ, ಬೇಸ್ ಪೆಡಲ್ ಎಂಬ ಹೆಸರಿಗೆ ಹೆಚ್ಚು ಹಣ ಕೊಡುವುದಕ್ಕೆ ನನ್ನ ಮಟ್ಟಿಗೆ ಒಪ್ಪುವಂಥ ಕಾರಣವೂ ಇದೊಂದೇ. ಗೆಳೆಯನ ಪೆಡಲನ್ನೇ ಬಳಸಬೇಕೆಂದಿದ್ದರೆ ಬಾಸ್ ಎಲ್‌ಎಸ್-2 ಎಂಬ ಲೈನ್ ಸೆಲೆಕ್ಟರ್ ಎರಡು ದಾರಿಗಳನ್ನು ಬೆರೆಸಿಕೊಡುತ್ತದೆ. ಒಂಟಿಯಾಗಿ ನುಡಿಸುವಾಗ ಸ್ವಚ್ಛ ದನಿ ತುಸು ಹೆಚ್ಚಾಯಿತೇನೋ ಎನ್ನಿಸುವ ಮಟ್ಟ ಡ್ರಮ್ಸ್ ಸೇರಿದಾಗ ಸರಿಹೋಗುತ್ತದೆ, ಆದ್ದರಿಂದ ಮನೆಯ ಕೋಣೆಯಲ್ಲಿ ಮಾಡಿದ ತೀರ್ಮಾನವನ್ನು ನಂಬಬೇಡಿ.

ಬೆರೆಸುವಾಗ ಒಂದು ಎಚ್ಚರ ಇರಲಿ. ಕೆಲವು ಪೆಡಲ್‌ಗಳು ಅಲೆಯನ್ನು ತಲೆಕೆಳಗು ಮಾಡಿ ಹೊರಬಿಡುತ್ತವೆ. ಅಂಥ ಪೆಡಲ್‌ನ ದನಿಯನ್ನು ಮೂಲ ದನಿಯೊಂದಿಗೆ ಕೂಡಿಸಿದರೆ ಮಂದ್ರದಲ್ಲಿ ಒಂದನ್ನೊಂದು ತಿಂದುಹಾಕುತ್ತವೆ. ಬೇರೆಬೇರೆಯಾಗಿ ಕೇಳಿದಾಗ ಎರಡೂ ತುಂಬಿಕೊಂಡಿದ್ದು, ಸೇರಿಸಿದಾಗ ಮಾತ್ರ ತೆಳ್ಳಗಾದರೆ ಕಾರಣ ಇದೇ. ತಲೆಕೆಳಗಾದ ಅಲೆಯನ್ನು ಮತ್ತೆ ತಿರುಗಿಸುವ ಫೇಸ್ ಸ್ವಿಚ್ ಇರುವ ಬ್ಲೆಂಡರ್‌ನಿಂದ ಇದು ಸರಿಯಾಗುತ್ತದೆ.

ಪ್ರಶ್ನೆ: ಹಳೆಯ ಮಾದರಿಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಫಜ್ ಪೆಡಲ್ (ದನಿಯನ್ನು ತೀರ ಒರಟಾಗಿಸುವ ಬಗೆ) ಒಂದನ್ನು ತರಿಸಿಕೊಂಡೆ. ಅಣ್ಣನ ಪ್ಯಾಸಿವ್ ಬೇಸ್‌ನಲ್ಲಿ ವಾಲ್ಯೂಮ್ ತಗ್ಗಿಸಿದಂತೆ ದನಿ ಮೆಲ್ಲಗೆ ತಿಳಿಯಾಗುತ್ತದೆ. ನನ್ನ ಆ್ಯಕ್ಟಿವ್ ಬೇಸ್‌ನಲ್ಲಿ ಮಾತ್ರ ಒಂದೇ ಸಮನೆ ಕಿರುಚುತ್ತದೆ. ಪೆಡಲ್ ಕೆಟ್ಟಿದೆಯೆ?
— ಓದುಗರು, ಚಿಕ್ಕಮಗಳೂರು

ಉತ್ತರ: ಪೆಡಲ್ ಕೆಟ್ಟಿಲ್ಲ. 1966ರಲ್ಲಿ ಬಂದ ಆರ್ಬಿಟರ್ ಫಜ್ ಫೇಸ್‌ನ ವಂಶಕ್ಕೆ ಸೇರಿದ ಪೆಡಲ್‌ಗಳ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತೀರ ಕಡಿಮೆ. ಆದ್ದರಿಂದ ಪ್ಯಾಸಿವ್ ಪಿಕಪ್‌ನ ಸುರುಳಿಯೂ ವಾಲ್ಯೂಮ್ ನಾಬೂ ಪೆಡಲ್‌ನ ಸರ್ಕ್ಯೂಟ್‌ನ ಭಾಗವೇ ಆಗಿಬಿಡುತ್ತವೆ, ನಾಬ್ ತಗ್ಗಿಸಿದಾಗ ದನಿಯ ಗುಣವೇ ಬದಲಾಗುತ್ತದೆ. ಆ್ಯಕ್ಟಿವ್ ಬೇಸ್‌ನ ಪ್ರೀಆಂಪ್ ಪಿಕಪ್ ಮತ್ತು ಪೆಡಲ್‌ನ ನಡುವೆ ನಿಂತು ಈ ಸಂಬಂಧವನ್ನು ಕಡಿದುಹಾಕುತ್ತದೆ.

ನಿಮ್ಮ ಬೇಸ್‌ನಲ್ಲಿ ಆ್ಯಕ್ಟಿವ್-ಪ್ಯಾಸಿವ್ ಸ್ವಿಚ್ ಇದ್ದರೆ ಫಜ್ ಬಳಸುವ ಹಾಡುಗಳಿಗೆ ಪ್ಯಾಸಿವ್‌ಗೆ ಹಾಕಿ, ಬೇರೇನೂ ಬೇಕಿಲ್ಲ. ಪಿಕಪ್‌ನೊಳಗೇ ಪ್ರೀಆಂಪ್ ಇರುವ ಇಎಂಜಿ ಕಂಪನಿಯ ಪಿಕಪ್‌ನಂಥವುಗಳಲ್ಲಿ ಈ ದಾರಿ ಇಲ್ಲ. ಆಗ ಬೇಸ್ ಮತ್ತು ಪೆಡಲ್‌ನ ನಡುವೆ ಸಾಲಿನಲ್ಲಿ 10 ಕಿಲೋಓಮ್‌ನಿಂದ 47 ಕಿಲೋಓಮ್‌ವರೆಗಿನ ಒಂದು ರೆಸಿಸ್ಟರ್ ಬೆಸುಗೆ ಹಾಕಿಸಿ ನೋಡಿ. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವ ಯಾರಾದರೂ ಸಣ್ಣ ಡಬ್ಬಿಯೊಂದರಲ್ಲಿ ಎರಡು ಜ್ಯಾಕ್ ಕೂರಿಸಿ ಇದನ್ನು ಮಾಡಿಕೊಡಬಲ್ಲರು. ಕಿರುಚಾಟ ಗಣನೀಯವಾಗಿ ಇಳಿಯುತ್ತದೆ. ಪಿಕಪ್‌ನ ಸುರುಳಿಯನ್ನು ಅನುಕರಿಸಲು ಸಣ್ಣ ಟ್ರಾನ್ಸ್‌ಫಾರ್ಮರ್ ಬಳಸುವ ಪಿಕಪ್ ಸಿಮ್ಯುಲೇಟರ್ ಇನ್ನೂ ಹತ್ತಿರಕ್ಕೆ ಬರುತ್ತದೆ. ನಿಮ್ಮ ಪೆಡಲ್‌ಗಳ ಸಾಲಿನಲ್ಲಿ ಫಜ್‌ಗಿಂತ ಮುಂಚೆ ಟ್ಯೂನರ್ ಅಥವಾ ಬಫರ್ (ಪ್ರೀಆಂಪ್‌ನಂತೆಯೇ ನಡುವೆ ನಿಲ್ಲುವ ಸರ್ಕ್ಯೂಟ್) ಇರುವ ಬೇರೆ ಪೆಡಲ್ ಇದ್ದರೆ ಅದನ್ನು ಫಜ್‌ನ ನಂತರಕ್ಕೆ ಸರಿಸಿ, ಇಲ್ಲವಾದರೆ ಪ್ಯಾಸಿವ್ ಸ್ವಿಚ್ ಹಾಕಿಯೂ ಪ್ರಯೋಜನವಿಲ್ಲ.

ಅಂದಹಾಗೆ, ಫಜ್ ಬೇಸ್‌ಗೆ ಹೊರಗಿನದೆಂಬ ಮಾತನ್ನು ನಂಬಬೇಡಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಿಟಾರ್ ವಾದಕ ಗ್ರೇಡಿ ಮಾರ್ಟಿನ್ ನುಡಿಸಿದ ಆರು ತಂತಿಯ ಬೇಸ್, ರೆಕಾರ್ಡಿಂಗ್ ಕನ್ಸೋಲ್‌ನ ಕೆಟ್ಟ ಚಾನೆಲ್ ಒಂದರ ಮೂಲಕ ಒಡೆದು ಬಂದ ಆ ದನಿಯೇ, 1962ರ ಮಾಯೆಸ್ಟ್ರೊ ಫಜ್-ಟೋನ್ ಪೆಡಲ್‌ಗೆ ದಾರಿ ಮಾಡಿತು.

ಪ್ರಶ್ನೆ: ಮನೆಯ ಆಂಪ್‌ನಲ್ಲಿ ಓವರ್‌ಡ್ರೈವ್ (ಮೃದುವಾಗಿ ಒಡೆದ) ದನಿ ಹದವಾಗಿರುತ್ತದೆ. ರಸಮಂಜರಿಯಲ್ಲಿ ಸೌಂಡ್ ಸಿಸ್ಟಮ್‌ನವರು ಪೆಡಲ್‌ನಿಂದ ನೇರವಾಗಿ ಮಿಕ್ಸರ್‌ಗೆ ತೆಗೆದುಕೊಂಡರೆ ಜೇನುನೊಣ ಗುಂಯ್‌ಗುಟ್ಟಿದಂತಾಗುತ್ತದೆ. ಟ್ರೆಬಲ್ ತಗ್ಗಿಸಿದರೂ ಹೋಗುವುದಿಲ್ಲ.
— ಬೇಸ್ ವಾದಕರು, ಬೇಲೂರು

ಉತ್ತರ: ಮನೆಯಲ್ಲಿ ಆ ಗುಂಯ್‌ಗುಡುವಿಕೆಯನ್ನು ಸೋಸುತ್ತಿರುವುದು ನಿಮ್ಮ ಆಂಪ್‌ನ ಸ್ಪೀಕರ್. ದೊಡ್ಡ ಬೇಸ್ ಸ್ಪೀಕರ್‌ಗಳಲ್ಲಿ 4ರಿಂದ 5 ಸಾವಿರ ಹರ್ಟ್ಸ್‌ನ ಮೇಲಿನ ದನಿ ಬೇಗನೆ ಕುಸಿಯುತ್ತದೆ. ವೇದಿಕೆಯ ಸೌಂಡ್ ಸಿಸ್ಟಮ್‌ನಲ್ಲಿ ಮೇಲಿನ ದನಿಗೆಂದೇ ಪ್ರತ್ಯೇಕ ಹಾರ್ನ್ ಇರುವುದರಿಂದ ಒಡೆದ ದನಿಯ ಎಲ್ಲ ಸಿಬಿರೂ ಹಾಗೆಯೇ ಹೊರಗೆ ಬರುತ್ತದೆ. ಬಹುತೇಕ ಸಣ್ಣ ಮಿಕ್ಸರ್‌ಗಳ ಟ್ರೆಬಲ್ ನಾಬ್ ಕೆಲಸ ಮಾಡುವುದು 12 ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ. ನಿಮ್ಮ ತೊಂದರೆ ಇರುವುದು ಅದಕ್ಕಿಂತ ಕೆಳಗೆ, ಆದ್ದರಿಂದ ಅದನ್ನು ತಿರುಗಿಸಿ ಹೆಚ್ಚೇನೂ ಸಿಗಲಾರದು. ಕ್ಯಾಬಿನೆಟ್ ಸಿಮ್ಯುಲೇಷನ್ (ಸ್ಪೀಕರ್‌ನ ಸೋಸುವಿಕೆಯ ಅನುಕರಣೆ) ಇರುವ ಡಿಐ ಬಾಕ್ಸ್ (ವಾದ್ಯವನ್ನು ನೇರವಾಗಿ ಮಿಕ್ಸರ್‌ಗೆ ಜೋಡಿಸುವ ಸಾಧನ) ಸಾಲಿನ ಕೊನೆಯಲ್ಲಿದ್ದರೆ ಒಳ್ಳೆಯದು. ಅದಿಲ್ಲದಿದ್ದರೆ ನಿಮ್ಮ ಚಾನೆಲ್‌ಗೆ 4 ಸಾವಿರ ಹರ್ಟ್ಸ್‌ನ ಮೇಲಿನದನ್ನು ಕತ್ತರಿಸುವ ಲೋಪಾಸ್ ಫಿಲ್ಟರ್ ಹಾಕಲು ಕೇಳಿಕೊಳ್ಳಿ. ಡಿಜಿಟಲ್ ಮಿಕ್ಸರ್ ತಂದಿದ್ದರೆ ಇದು ನಿಮಿಷದ ಕೆಲಸ. ಹಾಡಿನ ನಡುವೆ ಕೈಸನ್ನೆ ಮಾಡುವ ಬದಲು ಸೌಂಡ್ ಚೆಕ್ ಹೊತ್ತಿನಲ್ಲೇ ಪೆಡಲ್ ಒತ್ತಿ ಕೇಳಿಸಿ, ಪೆಡಲ್ ಆನ್ ಮತ್ತು ಆಫ್ ಆದಾಗ ಮಟ್ಟ ಒಂದೇ ಇರುವಂತೆ ಲೆವೆಲ್ ನಾಬ್ ಹೊಂದಿಸಿಕೊಳ್ಳಿ.