ಮಳೆ ಕೈಕೊಟ್ಟರೆ ಊರು ಬಿಡುವವರು ಯಾರು?

ತಂಗಿ, ನೀನು ಬರೆದದ್ದು ಓದಿದೆ. "ಅಕ್ಕಾ, ಚಳ್ಳಕೆರೆ ಕಡೆಯವಳು ನಾನು. ಆಗಸ್ಟ್‌ನಲ್ಲಿ ಅಮೆರಿಕದ ಆನ್ ಆರ್ಬರ್‌ಗೆ ಬಂದೆ, ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ. ಬರದಿಂದ ಜನ ಊರು ಬಿಡುವುದರ ಮೇಲೆ ಕೆಲಸ ಮಾಡುವ ಆಸೆ. ಇಲ್ಲಿ ಬದುಕು ಹೇಗೆ? ಈ ವಿಷಯ ಹಿಡಿದರೆ ಹೊಟ್ಟೆ ತುಂಬುತ್ತಾ? ನೀವು ಯಾಕೆ ವಾಪಸ್ ಹೋಗಲಿಲ್ಲ?" ಮೂರು ಪ್ರಶ್ನೆ. ಕೊನೆಯದನ್ನು ನಮ್ಮವ್ವ ಹದಿನೇಳು ವರ್ಷದಿಂದ ಕೇಳುತ್ತಿದ್ದಾಳೆ.

ಮೊದಲು ಹೊಟ್ಟೆಯ ವಿಚಾರ, ಅಕ್ಷರಶಃ. ಜೋಳದ ಹಿಟ್ಟು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಹಳೆಯದು, ಜಿಗಿ ಇರುವುದಿಲ್ಲ. ಕುದಿಯುವ ಎಸರು ಹಾಕಿ ನಾದದಿದ್ದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಮೊದಲ ವರ್ಷ ನಾನು ಎರಡನೇ ಮಹಡಿಯಲ್ಲಿದ್ದೆ. ಒಂದು ರಾತ್ರಿ ಒಂಬತ್ತಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಕೆಳಗಿನ ಮನೆಯ ಹುಡುಗ ಬಂದು ಬಾಗಿಲು ತಟ್ಟಿದ. ಏನಾದರೂ ರಿಪೇರಿ ಮಾಡುತ್ತಿದ್ದೀರಾ, ಸಹಾಯ ಬೇಕಾ ಅಂತ ತುಂಬಾ ಮರ್ಯಾದೆಯಿಂದ ಕೇಳಿದ. ಕೈಯೆಲ್ಲ ಹಿಟ್ಟು, ನನಗೆ ನಗು. ಒಂದು ರೊಟ್ಟಿ ಕೊಟ್ಟು ಕಳಿಸಿದೆ. ಆಮೇಲೆ ರೊಟ್ಟಿ ಮಾಡುವುದನ್ನು ಭಾನುವಾರ ಬೆಳಿಗ್ಗೆಗೆ ಹಾಕಿಕೊಂಡೆ.

ಚಳಿಗೆ ಎಲ್ಲರೂ ಹೆದರಿಸಿರುತ್ತಾರೆ. ಒಳ್ಳೆಯ ಜಾಕೆಟ್ ಇದ್ದರೆ ಚಳಿ ತಡೆಯಬಹುದು. ಕತ್ತಲೆ ಕಷ್ಟ. ನವೆಂಬರ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಸಂಜೆ ಐದೂಕಾಲಿಗೆ ಸೂರ್ಯ ಮುಳುಗಿರುತ್ತಾನೆ. ಮನೆಗೆ ಫೋನ್ ಮಾಡೋಣ ಅಂದರೆ ಊರಲ್ಲಿ ಬೆಳಗಿನ ಜಾವ ಮೂರೂಮುಕ್ಕಾಲು. ಆ ಹೊತ್ತಿಗೆ ಲೈಬ್ರರಿಯಲ್ಲೋ ಜಿಮ್‌ನಲ್ಲೋ ಇರು, ಒಬ್ಬಳೇ ರೂಮಿನಲ್ಲಿ ಇರಬೇಡ. ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಹೋಗು. ಅಲ್ಲಿ ಹೆಚ್ಚಿನವರು ಕಾರ್ ಕಂಪನಿ, ಸಾಫ್ಟ್‌ವೇರ್‌ನವರು. ಸಮಾಜಶಾಸ್ತ್ರ ಅಂದರೆ "ಓ, ಸೋಶಿಯಲ್ ಸರ್ವಿಸಾ?" ಅನ್ನುತ್ತಾರೆ. ಸುಮ್ನೆ ಹೂಂ ಅಂದುಬಿಡು, ಊಟ ಚೆನ್ನಾಗಿರುತ್ತದೆ.

ಈಗ ನಿನ್ನ ವಿಷಯ. "ಬರ ಬಂತು, ಜನ ಊರು ಬಿಟ್ಟರು" ಅಂತ ಬರೆದುಕೊಂಡು ಬಂದಿದ್ದೀಯಾ ಅನ್ನಿಸುತ್ತದೆ. ನಾನೂ ಹಾಗೇ ಬಂದವಳು. ಲಿಂಗಸುಗೂರು ತಾಲ್ಲೂಕಿನವಳು, ಗುಳೆ ನೋಡಿಯೇ ಬೆಳೆದೆ. 2003ರ ಬರದಲ್ಲಿ ನಮ್ಮ ಓಣಿಯಿಂದ ಮೊದಲು ಹೊರಟದ್ದು ಯಾರು ಗೊತ್ತಾ? ನಾಲ್ಕು ಎಕರೆ ಇದ್ದ ಮನೆಯವರು. ಅವರ ಸೋದರಮಾವ ಬೆಂಗಳೂರಿನಲ್ಲಿ ಮೇಸ್ತ್ರಿ. ಬಸ್ ಚಾರ್ಜ್ ಕಳಿಸಿದ, ಶೆಡ್ ತೋರಿಸಿದ. ಅವರ ಹಿಂದಿನ ಮನೆಯಲ್ಲಿ ಗಂಡ ಹೆಂಡತಿ, ಎರಡು ಆಡು. ಹೊಲ ಇಲ್ಲ, ಗುರುತಿನವರೂ ಇಲ್ಲ. ಅವರು ಎಲ್ಲೂ ಹೋಗಲಿಲ್ಲ. ಮೊದಲು ಒಂದು ಆಡು ಮಾರಿದರು, ಆಮೇಲೆ ಇನ್ನೊಂದು.

ಇದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ಇದು ಸಂಶೋಧನೆಯ ಪ್ರಶ್ನೆ ಅಂತ ತಿಳಿಯಲು ಮೆಕ್ಸಿಕೋ ಬಗ್ಗೆ ಓದಬೇಕಾಯಿತು. ಹೋರ್ಹೆ ದುರಾಂಡ್ ಮತ್ತು ಡಗ್ಲಾಸ್ ಮ್ಯಾಸಿ 1982ರಲ್ಲಿ ಶುರು ಮಾಡಿದ ಮೆಕ್ಸಿಕನ್ ವಲಸೆ ಯೋಜನೆ ಅನ್ನುವ ಸಮೀಕ್ಷೆಯ ಡೇಟಾ ಇದೆ. ಕೊಲರಾಡೋದ ಲೋರಿ ಹಂಟರ್ ಮತ್ತು ಜೊತೆಗಾರರು ಅದಕ್ಕೆ ಮಳೆಯ ಲೆಕ್ಕ ಜೋಡಿಸಿ 2013ರಲ್ಲಿ ಬರೆದರು. ಮೊದಲಿನಿಂದ ಅಮೆರಿಕಕ್ಕೆ ಜನ ಹೋಗಿ ಬಂದು ಮಾಡುವ ಊರುಗಳಲ್ಲಿ ಮಳೆ ಕಡಿಮೆಯಾದರೆ ವಲಸೆ ಜಾಸ್ತಿ ಆಗುತ್ತದೆ. ಅಂಥ ದಾರಿ ಇಲ್ಲದ ಊರುಗಳಲ್ಲಿ ಕಡಿಮೆ ಆಗುತ್ತದೆ. ಬರ ಒಂದೇ, ಪರಿಣಾಮ ಉಲ್ಟಾ. ಹೋಗುವುದಕ್ಕೂ ದುಡ್ಡು ಬೇಕು, ಆ ಕಡೆ ಒಬ್ಬ ಸೋದರಮಾವ ಬೇಕು. ಹೋಗಲಾಗದೆ ಸಿಕ್ಕಿಕೊಂಡವರ ಬಗ್ಗೆ ಬ್ರಿಟನ್ ಸರ್ಕಾರದ ಒಂದು ದೊಡ್ಡ ವರದಿ 2011ರಲ್ಲೇ ಎಚ್ಚರಿಸಿತ್ತು. ಆದರೂ ಪತ್ರಿಕೆಗಳಲ್ಲಿ ಇವತ್ತಿಗೂ "ಕೋಟಿ ಕೋಟಿ ಹವಾಮಾನ ನಿರಾಶ್ರಿತರು" ಅನ್ನುವ ತಲೆಬರಹವೇ. ನನಗೆ ಅದು ಓದಿದರೆ ರೇಗುತ್ತದೆ.

ನಾನು ಕಸುಬು ಕಲಿತದ್ದು ನೇಪಾಳದ ಚಿತ್ವಾನ್ ಕಣಿವೆಯ ಡೇಟಾದಲ್ಲಿ. ಅಲ್ಲಿ ಮೊದಲು ದಟ್ಟ ಕಾಡು, ಮಲೇರಿಯಾ. 1950ರ ದಶಕದಲ್ಲಿ ಕಾಡು ಕಡಿದು, ಡಿಡಿಟಿ ಹೊಡೆದು, ಗುಡ್ಡದ ಜನರಿಗೆ ಜಮೀನು ಕೊಟ್ಟರು. ಇಲ್ಲಿನ ವಿಶ್ವವಿದ್ಯಾಲಯದ ವಿಲಿಯಂ ಆಕ್ಸಿನ್ ಮತ್ತು ನೇಪಾಳದ ಜೊತೆಗಾರರು 1990ರ ದಶಕದ ಮಧ್ಯದಲ್ಲಿ ಅಲ್ಲಿ ಅಧ್ಯಯನ ಶುರು ಮಾಡಿದರು. ಐದರಿಂದ ಹದಿನೈದು ಮನೆಗಳ ಒಂದೊಂದು ಗುಂಪು, ಅಂಥ 150ಕ್ಕೂ ಹೆಚ್ಚು ಗುಂಪು. ಯಾರು ಹುಟ್ಟಿದರು, ಯಾರು ಸತ್ತರು, ಯಾರ ಮದುವೆ ಆಯಿತು, ಯಾರು ಹೊರಟರು, ಯಾರು ಬಂದರು ಅಂತ ವರ್ಷಗಟ್ಟಲೆ ತಿಂಗಳು ತಿಂಗಳು ಬರೆದುಕೊಂಡರು. ಜೊತೆಗೆ ಸುತ್ತಲಿನ ಗಿಡಮರಗಳ ಲೆಕ್ಕ. ಮ್ಯಾಸಿ, ಆಕ್ಸಿನ್, ದೀರ್ಘ ಘಿಮಿರೆ ಮೂವರೂ 2010ರಲ್ಲಿ ಬರೆದದ್ದು ಏನು? ಸೌದೆ ತರಲು ಹೊತ್ತು ಜಾಸ್ತಿ ಹಿಡಿಯತೊಡಗಿದರೆ, ಹಸಿರು ಕಡಿಮೆಯಾದರೆ, ಜನ ಹತ್ತಿರದ ಜಾಗಕ್ಕೆ ಹೋಗುತ್ತಾರೆ. ದೂರದ ವಲಸೆಯಲ್ಲಿ ಅದರ ಪರಿಣಾಮ ಅಷ್ಟಾಗಿ ಕಾಣಲಿಲ್ಲ.

ನಾನು ಅಲ್ಲಿಗೆ ಒಮ್ಮೆ ಹೋಗಿದ್ದೆ, ಸಂದರ್ಶನ ಮಾಡುವವರ ಹಿಂದೆ ಕೂತು ನೋಡಲು. ಮೇವು ತರಲು ಎಷ್ಟು ಹೊತ್ತು ಬೇಕು ಅಂತ ಒಬ್ಬ ಹೆಂಗಸನ್ನು ಕೇಳಿದರು. ಆಕೆ, "ಹೋಗುವಾಗಿನದು ಹೇಳಲಾ, ಬರುವಾಗಿನದಾ? ಬರುವಾಗ ತಲೆ ಮೇಲೆ ಹೊರೆ ಇರುತ್ತದೆ" ಅಂದಳು. ಬರೆಯಬೇಕಾದದ್ದು ಒಂದೇ ಅಂಕಿ, ನಿಮಿಷದಲ್ಲಿ. ಹತ್ತು ವರ್ಷದ ಹಿಂದೆ ಎಷ್ಟು ಹೊತ್ತಾಗುತ್ತಿತ್ತು ಅಂದರೆ ಆಕೆಗೆ ಇಸವಿ ನೆನಪಿಲ್ಲ. ಆಗ ಒಂದು ದೊಡ್ಡ ಹಾಳೆ ಬಿಡಿಸಿದರು. ಮೇಲೆ ವರ್ಷಗಳ ಸಾಲು, ಪಕ್ಕದಲ್ಲಿ ಮದುವೆ, ಮಕ್ಕಳು, ಮನೆ. "ದೊಡ್ಡ ಮಗಳು ಹುಟ್ಟಿದಾಗ?" ಅಂದ ಕೂಡಲೇ ಎಲ್ಲ ನೆನಪಾಯಿತು. ನೀನು ಮುಂದೆ ಕಂಪ್ಯೂಟರ್‌ನಲ್ಲಿ ನೋಡುವ ಒಂದೊಂದು ಅಂಕಿಯ ಹಿಂದೆಯೂ ಇಂಥದೊಂದು ಮಾತುಕತೆ ನಡೆದಿರುತ್ತದೆ.

ಹೆಣ್ಣುಮಕ್ಕಳ ವಿಷಯ ಮರೆಯಬೇಡ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಲಸೆ ಹೋದವರು 45 ಕೋಟಿಗೂ ಹೆಚ್ಚು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಇಡೀ ಜಗತ್ತಿನಲ್ಲಿ ದೇಶ ಬಿಟ್ಟು ಬೇರೆ ದೇಶದಲ್ಲಿ ಇರುವವರೇ 30.4 ಕೋಟಿ. ನಮ್ಮ 45 ಕೋಟಿಯಲ್ಲಿ ಹೆಚ್ಚಿನವರು ಹೆಂಗಸರು, ದೊಡ್ಡ ಕಾರಣ ಮದುವೆ. ಅಂದರೆ ಮುದಗಲ್ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ನಮ್ಮಜ್ಜಿಯೂ ವಲಸಿಗಳೇ! ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ದಕ್ಷಿಣ ಭಾರತದ ಒಣಬೇಸಾಯದ ಹಳ್ಳಿಗಳ ಡೇಟಾ ಇಟ್ಟುಕೊಂಡು ಒಂದು ಮಾತು ಹೇಳಿದರು: ಹೆಣ್ಣನ್ನು ದೂರದ ಊರಿಗೆ ಕೊಡುವುದರಲ್ಲಿ ಮಳೆಯ ಲೆಕ್ಕವೂ ಇದೆ. ಇಲ್ಲಿ ಮಳೆ ಬರದಿದ್ದರೆ ಬೀಗರ ಊರಲ್ಲಾದರೂ ಬಂದಿರಲಿ ಅಂತ. ಇಥಿಯೋಪಿಯಾದಲ್ಲಿ ಕ್ಲಾರ್ಕ್ ಗ್ರೇ, ವ್ಯಾಲರಿ ಮ್ಯೂಲರ್ ನೋಡಿದ್ದು ಇನ್ನೊಂದು. ಬರ ಬಂದರೆ ಗಂಡಸರು ದುಡಿಯಲು ಹೋಗುವುದು ಹೆಚ್ಚುತ್ತದೆ, ಹೆಣ್ಣುಮಕ್ಕಳು ಮದುವೆಯಾಗಿ ಹೋಗುವುದು ಕಡಿಮೆಯಾಗುತ್ತದೆ. ಮದುವೆಗೆ ದುಡ್ಡಿಲ್ಲ, ಅಲ್ವಾ?

ದಿನದ ಕೆಲಸ ಹೇಗಿರುತ್ತದೆ ಅಂದರೆ, ಮುಕ್ಕಾಲು ಪಾಲು ಜೋಡಣೆ. ಒಂದು ಕಡೆ ಮಳೆಯ ಡೇಟಾ, ಇನ್ನೊಂದು ಕಡೆ ಮನೆಗಳ ಸಮೀಕ್ಷೆ. ಎರಡೂ ಸೇರಬೇಕಾದರೆ ಊರು ಎಲ್ಲಿದೆ ಅಂತ ಗೊತ್ತಿರಬೇಕು. ಆದರೆ ಜನರ ಗುಟ್ಟು ಕಾಯಲು ಅದನ್ನೇ ಬಚ್ಚಿಡುತ್ತಾರೆ. ಹಲವು ದೇಶಗಳಲ್ಲಿ ಮನೆಮನೆಯ ಆರೋಗ್ಯ, ಜನಸಂಖ್ಯೆಯ ಲೆಕ್ಕ ಹಿಡಿಯುವ ಡಿಎಚ್‌ಎಸ್ ಸಮೀಕ್ಷೆಗಳಲ್ಲಿ ನಗರದ ಜಾಗವನ್ನು 2 ಕಿಲೋಮೀಟರ್‌ವರೆಗೆ, ಹಳ್ಳಿಯನ್ನು 5 ಕಿಲೋಮೀಟರ್‌ವರೆಗೆ, ನೂರರಲ್ಲಿ ಒಂದು ಹಳ್ಳಿಯನ್ನು 10 ಕಿಲೋಮೀಟರ್‌ವರೆಗೆ ಬೇಕೆಂದೇ ಸರಿಸಿ ಕೊಡುತ್ತಾರೆ. ನಿಜವಾದ ಜಾಗ ಬೇಕಾದರೆ ಕೆಲವು ಡೇಟಾಗಳಿಗೆ ಬೀಗ ಹಾಕಿದ ಕೋಣೆಯಲ್ಲಿ ಕೂರಬೇಕು. ಫೋನ್ ಇಲ್ಲ, ಇಂಟರ್ನೆಟ್ ಇಲ್ಲ. ಒಳಗೆ ಬರೆದುಕೊಂಡ ಚೀಟಿಯನ್ನೂ ನೋಡಿಯೇ ಹೊರಗೆ ಬಿಡುತ್ತಾರೆ. ಎರಡು ಚಳಿಗಾಲ ನಾನು ಹಾಗೆ ಕಳೆದೆ.

ಒಂದು ಅಡ್ಡಮಾತು. ದೂರದ ದೇಶಕ್ಕೆ ಬಂದು ಈ ವಿದ್ಯೆ ಕಲಿಯುತ್ತಿದ್ದೇನೆ ಅಂತ ನಿನಗೆ ಅನ್ನಿಸಬಹುದು. ಆದರೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ದೊಡ್ಡದೊಂದು ಜನಸಂಖ್ಯಾ ಅಧ್ಯಯನ ಮಾಡಿದ್ದು ನಮ್ಮ ಹಳೇ ಮೈಸೂರಿನಲ್ಲಿ, 1951-52ರಲ್ಲಿ. ಮೈಸೂರು ಹತ್ತಿರದ, ತಾವು ರಾಂಪುರ ಅಂತ ಹೆಸರಿಟ್ಟ ಹಳ್ಳಿಯಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೂತು ಬರೆದುಕೊಂಡ ಟಿಪ್ಪಣಿಗಳನ್ನು ಎಷ್ಟೋ ವರ್ಷ ತಿದ್ದಿ ಅಣಿಮಾಡಿದ್ದರು. 1970ರಲ್ಲಿ ಅವು ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಆಮೇಲೆ ಅವರು ಬಹುಪಾಲು ನೆನಪಿನಿಂದಲೇ ಪುಸ್ತಕ ಬರೆದರು. ಅಂಥ ನೆನಪು ನನಗಿಲ್ಲ, ನಿನಗೂ ಇರಲಿಕ್ಕಿಲ್ಲ. ಮೂರು ಕಡೆ ಬ್ಯಾಕಪ್ ಇಡು.

ನೌಕರಿ. ಸುಳ್ಳು ಹೇಳುವುದಿಲ್ಲ. ಪ್ರೊಫೆಸರ್ ಹುದ್ದೆ ಕಡಿಮೆ. ನಾನು ಪ್ರೊಫೆಸರ್ ಅಲ್ಲ, ಸಂಶೋಧನಾ ಸಿಬ್ಬಂದಿ. ಸಂಬಳ ಗ್ರಾಂಟ್‌ನಿಂದ. ಗ್ರಾಂಟ್ ಮುಗಿಯುವ ವರ್ಷ ಬಂದರೆ ನಿದ್ದೆ ಹಾರುತ್ತದೆ. ಅಮೆರಿಕದ ಸಹಾಯಧನದಲ್ಲಿ ದಶಕಗಳಿಂದ ನಡೆಯುತ್ತಿದ್ದ ಆ ಡಿಎಚ್‌ಎಸ್ ಕಾರ್ಯಕ್ರಮವನ್ನೇ 2025ರ ಶುರುವಿನಲ್ಲಿ ನಿಲ್ಲಿಸಿದರು. ಅದನ್ನೇ ನಂಬಿ ಪ್ರಬಂಧ ಬರೆಯುತ್ತಿದ್ದ ಹುಡುಗರ ಮುಖ ನೋಡಲಾಗಲಿಲ್ಲ. ಆದ್ದರಿಂದ ಒಂದೇ ಡೇಟಾಕ್ಕೆ ಜೋತುಬೀಳಬೇಡ. ಅಂಕಿಅಂಶದ ಸಾಫ್ಟ್‌ವೇರ್ ಆರ್ ಅಥವಾ ಸ್ಟಾಟಾ, ಜೊತೆಗೆ ನಕ್ಷೆಯ ಸಾಫ್ಟ್‌ವೇರ್ ಕಲಿ. ಅದು ಬಂದರೆ ಬೇರೆ ಕಡೆಯೂ ಕೆಲಸ ಸಿಗುತ್ತದೆ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ, ಅದನ್ನು ಮಾತ್ರ ಯಾರು ಏನೇ ಹೇಳಿದರೂ ಮೀರಬೇಡ.

ವಾಪಸ್ ಯಾಕೆ ಹೋಗಲಿಲ್ಲ ಅಂದೆಯಲ್ಲ. ಮೊದಲು ಪಿಎಚ್‌ಡಿ ಮುಗಿಯಲಿ ಅಂದುಕೊಂಡೆ. ಆಮೇಲೆ ಕೆಲಸ, ಆಮೇಲೆ ಮಗನ ಶಾಲೆ. ಗುಳೆ ಹೋದವರು "ಈ ಸಲ ಮುಂಗಾರು ಹಿಡಿದರೆ ಬರುತ್ತೇವೆ" ಅನ್ನುತ್ತಾರಲ್ಲ, ಹಾಗೆ. ನಾನು ಬಂದದ್ದೂ ಊರಲ್ಲಿ ಅತಿ ಕಷ್ಟದಲ್ಲಿದ್ದೆ ಅಂತಲ್ಲ. ಅಪ್ಪ ಮೇಷ್ಟ್ರು, ಇಂಗ್ಲಿಷ್ ಕಲಿಸಿದರು. ನನಗಿಂತ ಮೊದಲು ಬಂದ ಒಬ್ಬ ಸೀನಿಯರ್ ಅರ್ಜಿ ತುಂಬುವುದು ಹೇಳಿಕೊಟ್ಟರು. ನನ್ನ ಸೋದರಮಾವ ಅವರೇ.

ಸಮೀಕ್ಷೆ ಮಾಡುವಾಗ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: ಮನೆಯಲ್ಲಿ ಎಷ್ಟು ಜನ? ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವರನ್ನು ಬಹಳ ಕಡೆ ಬಿಡುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಒಮ್ಮೆ ಒಬ್ಬ ತಾಯಿ ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿದ್ದ ಮಗನನ್ನೂ ಸೇರಿಸಿ ಐದು ಅಂದಳು. ನಾನು ನಾಲ್ಕು ಅಂತ ಬರೆದುಕೊಂಡೆ. ಆಕೆ ಹಾಳೆ ನೋಡಿ "ಒಬ್ಬ ಕಡಿಮೆ ಆದ" ಅಂದಳು. ನಮ್ಮವ್ವನೂ ಹಾಗೇ, ಕೇಳಿದವರಿಗೆಲ್ಲ ನನ್ನನ್ನು ಸೇರಿಸಿಯೇ ಲೆಕ್ಕ ಹೇಳುತ್ತಾಳೆ. 2027ಕ್ಕೆ ಜನಗಣತಿ ಇದೆ. ಹಾಗೆ ಹೇಳಿಸಬೇಡ, ಲೆಕ್ಕ ಕೆಡುತ್ತದೆ ಅಂತ ಅಣ್ಣನಿಗೆ ಫೋನ್ ಮಾಡಿದ್ದೆ. "ನೀನೇ ಬಂದು ಅವ್ವಗ ಹೇಳು" ಅಂದ.