ಶಿರಸಿಯಲ್ಲಿರುವ ನನ್ನ ಮಾವನವರಿಗೆ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುತ್ತಿದ್ದಾರೆ. ನರಕೋಶಗಳನ್ನು ತಣ್ಣಗಾಗಿಸುವ ಈ ಔಷಧಿಯಿಂದ ಹಿತ ಅನ್ನಿಸುವುದು ಹೇಗೆ?

ಮಾರ್ಫಿನ್ ಅಂಟಿಕೊಳ್ಳುವ ಗ್ರಾಹಕ (ರಿಸೆಪ್ಟರ್) ಒಂದೇ, ಅದು ಕೂತಿರುವ ಕೋಶ ಬೇರೆ ಬೇರೆ. ಅದಕ್ಕೇ ಪರಿಣಾಮವೂ ಬೇರೆ. ಶಿರಸಿಯಲ್ಲಿ ನಿಮ್ಮ ಮಾವನವರಿಗೆ ಕ್ಯಾನ್ಸರ್ ನೋವಿಗೆಂದು ಕೊಡುತ್ತಿರುವ ಮಾರ್ಫಿನ್ ಮುಖ್ಯವಾಗಿ ಅಂಟಿಕೊಳ್ಳುವುದು ‘ಮ್ಯೂ’ ಎಂಬ ಓಪಿಯಾಯ್ಡ್ (ಅಫೀಮು ಬಗೆಯ ಔಷಧಿಗಳ) ಗ್ರಾಹಕಕ್ಕೆ, ಅಂದರೆ ಕೋಶದ ಹೊರಪೊರೆಯ ಮೇಲಿನ ಒಂದು ಪ್ರೋಟೀನ್‌ಗೆ. ಅಂಟಿದೊಡನೆ ಆ ನರಕೋಶದ ಚಟುವಟಿಕೆ ತಗ್ಗುತ್ತದೆ.

ಬೆನ್ನುಹುರಿಯಲ್ಲಿ ನೋವಿನ ಸುದ್ದಿ ದಾಟಿಸುವ ಕೋಶ ತಗ್ಗಿದರೆ ನೋವು ಕಡಿಮೆ, ಅಷ್ಟೆ. ಸ್ವಾರಸ್ಯ ಇರುವುದು ನಡುಮಿದುಳಿನಲ್ಲಿ. ಅಲ್ಲಿ ಈ ಗ್ರಾಹಕ ಹೆಚ್ಚಾಗಿರುವುದು ಹಿತದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುವ ಕೋಶಗಳ ಮೇಲಲ್ಲ, ಅವನ್ನು ಹತೋಟಿಯಲ್ಲಿಡುವ ‘ಗಾಬಾ’ ಕೋಶಗಳ ಮೇಲೆ. ತೋಟ ಕಾಯುವವ ತೂಕಡಿಸಿದರೆ ಮಂಗಗಳಿಗೆ ಹಬ್ಬ ತಾನೆ? ಹಾಗೆ, ತಡೆಯುವ ಕೋಶಗಳೇ ಸುಮ್ಮನಾದಾಗ ಡೋಪಮಿನ್ ಹೆಚ್ಚುತ್ತದೆ. ಹಿತ ಅನ್ನಿಸುವುದು ಬಹುಮಟ್ಟಿಗೆ ಇದರಿಂದ. ಚಟದ ಬೇರೂ ಇಲ್ಲೇ.

ಮಿದುಳುಕಾಂಡದಲ್ಲಿ ಉಸಿರಿನ ಲಯ ಕಾಯುವ ಕೋಶಗಳ ಮೇಲೂ ಇದೇ ಗ್ರಾಹಕವಿದೆ. ಡೋಸ್ ಮಿತಿಮೀರಿದರೆ ಉಸಿರು ನಿಧಾನವಾಗುವುದು ಆ ಕಾರಣಕ್ಕೆ. ಆಗ ಕೊಡುವ ನಲೋಕ್ಸೋನ್ ಎಂಬ ಔಷಧಿ, ಗ್ರಾಹಕದಿಂದ ಮಾರ್ಫಿನ್ ಅನ್ನು ಹೊರದಬ್ಬುತ್ತದೆ. ಹಾಗಂತ ಹೆದರಿ ಡಾಕ್ಟರು ಬರೆದ ಮಾತ್ರೆ ತಪ್ಪಿಸಬೇಡಿ. ಕರುಳಿನ ನರಕೋಶಗಳಲ್ಲೂ ಇದೇ ಗ್ರಾಹಕ ಇರುವುದರಿಂದ ಮಲಬದ್ಧತೆ ಸಾಮಾನ್ಯ. ಅದಕ್ಕೆ ಜೊತೆಯಲ್ಲೇ ಔಷಧಿ ಕೇಳಿ ಪಡೆಯಿರಿ.